ಮಾಳಿಗೆಯ ಬಿಸಿಲಿಗೆ ವಿನಾಯಿತಿ

ತೆರಿಗೆ ಇಲಾಖೆಯ ಅಧಿಕಾರಿ ನಮ್ಮ ಲಾಂಡ್ರಿಗೆ ಕಾಲಿಟ್ಟದ್ದೇ ತಡ, ಇಸ್ತ್ರಿ ಹಿಡಿದ ಕೈಗಳೆಲ್ಲ ನಿಂತುಬಿಟ್ಟವು.

ಬಿಸಿಲಿನಿಂದ ಕರೆಂಟು ಮಾಡಿಕೊಂಡವರಿಗೆ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತ್ತು. ಯಾರಿಗೆ? ದೊಡ್ಡ ಕಾರ್ಖಾನೆಗಳಿಗೆ ಮಾತ್ರ! ಸೂರ್ಯನೇನು ಅವರಪ್ಪನ ಆಸ್ತಿಯೇ? ಬೇಸಿಗೆಯಿಡೀ ಇಲಾಖೆಯ ಮೆಟ್ಟಿಲ ಮೇಲೆ ಕೂತು ಗಂಟಲು ಹರಿದುಕೊಂಡೆವು, ಲಾಠಿಯ ರುಚಿಯನ್ನೂ ನೋಡಿದೆವು. ಕೊನೆಗೆ ಸಣ್ಣ ಅಂಗಡಿಗಳಿಗೂ ಅದು ದಕ್ಕಿತು. ಆದರೆ ಇಂದೇ ಕಡೆಯ ದಿನ. ನಮ್ಮ ಮಾಳಿಗೆಯ ಸೋಲಾರ್ ಫಲಕದಿಂದ ಕರೆಂಟು ಬರುವುದನ್ನು ಅಧಿಕಾರಿ ಕಣ್ಣಾರೆ ಕಂಡು ಸಹಿ ಹಾಕದಿದ್ದರೆ ವಿನಾಯಿತಿಯೂ ಇಲ್ಲ, ಲಾಂಡ್ರಿಯೂ ಇಲ್ಲ.

"ಎಲ್ಲಿದೆಯಮ್ಮಾ ಮೀಟ್ರು?"

ನಮ್ಮೆಲ್ಲರಿಗೂ ಹಿರಿಯಳಾದ ದೊಡ್ಡಕ್ಕ, ಎಳೆಗೂಸನ್ನು ತೋರಿಸುವ ಬಾಣಂತಿಯ ಹಾಗೆ, ಗೋಡೆಯತ್ತ ಕೈ ಮಾಡಿದಳು.

ಮೀಟರಿನಲ್ಲಿ ಸೊನ್ನೆ!

"ಏನಿದು, ಮಟಮಟ ಮಧ್ಯಾಹ್ನ ಸೊನ್ನೆ?"

"ಬೆಳಿಗ್ಗೆ ಚೆನ್ನಾಗೇ ಓಡ್ತಿತ್ತು ಸಾರ್!"

"ನಾಟಕಕ್ಕೆ ಫಲಕ ಕೂರ್ಸಿ ವಿನಾಯಿತಿ ಹೊಡ್ಯೋರನ್ನ ಬೇಕಾದಷ್ಟು ನೋಡಿದೀನಿ." ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಅಷ್ಟರಲ್ಲಿ ಒಗೆಯುವ ಕೋಣೆಯಿಂದ ಬಂದ ನನ್ನ ಅತ್ತಿಗೆ ತಲೆ ಚಚ್ಚಿಕೊಂಡಳು. "ಅಯ್ಯೋ, ಆಸ್ಪತ್ರೆ ಬೆಡ್‌ಶೀಟು!"

"ಯಾವ್ದೇ?"

"ಸಾಹೇಬ್ರು ಬರೋದ್ರೊಳಗೆ ಒಣಗ್ಲಿ ಅಂತ ಅಷ್ಟನ್ನೂ ಫಲಕದ ಮೇಲೇ ಹಾಸ್ಬಿಟ್ಟೆ ದೊಡ್ಡಕ್ಕಾ. ಅಲ್ಲಿ ಕಾವು ಚೆನ್ನಾಗಿರತ್ತಲ್ಲಾ!"

"ನಿನ್ನ ಬುದ್ಧಿಗೆ ಬೆಂಕಿ ಬೀಳ! ಸೂರ್ಯನಿಗೇ ಹೊದಿಸಿ ಮಲಗಿಸಿದ್ಯಲ್ಲೇ!"

ಬಿದ್ದೆವೋ ಎದ್ದೆವೋ ಎಂದು ಮಾಳಿಗೆಗೆ ಓಡಿದೆವು. ಅಧಿಕಾರಿಯೂ ಏದುಸಿರು ಬಿಡುತ್ತ ಬೆನ್ನ ಹಿಂದೆಯೇ ಬಂದರು. ದರದರನೆ ಎಳೆದೆವು. ಒದ್ದೆ ಬಟ್ಟೆಯೊಂದು ಹಾರಿ ಅವರ ತಲೆಯ ಮೇಲೇ ಕೂತಿತು. ಫಲಕಗಳು ಫಳಫಳ ಹೊಳೆದವು.

"ಓಡ್ತಿದೆ ಕಣ್ರೇ! ಹುಚ್ಚುಕುದುರೆ ಹಂಗೆ ಓಡ್ತಿದೆ!" ಕೆಳಗೆ ಮೀಟರಿನ ಕಾವಲಿಗೆ ನಿಂತವಳು ಕಿರುಚಿದಳು.

ಅಧಿಕಾರಿ ತಲೆಯ ಮೇಲಿನ ಬಟ್ಟೆ ಕಿತ್ತೆಸೆದು ಕೆಳಗಿಳಿದರು. ಮೀಟರಿಗೆ ಮೂಗು ತಾಗಿಸಿ ನೋಡಿದರು. ಅವರಿಗೂ ನಗು ತಡೆಯಲಾಗಲಿಲ್ಲ. ಸಹಿಗೆಂದು ಕಾಗದ ತೆಗೆದರೆ ಊರಲು ಜಾಗವೇ ಇಲ್ಲ. ನಾವು ಹೊತ್ತು ತಂದ ಹಸಿ ಬಟ್ಟೆ ಮೇಜುಗಳ ಮೇಲೆಲ್ಲ ರಾಶಿ ಬಿದ್ದಿತ್ತು.

ದೊಡ್ಡಕ್ಕ ಅವರ ಮುಂದೆ ಹೋಗಿ ಬೆನ್ನು ಬಾಗಿಸಿ ನಿಂತಳು.

"ಇಷ್ಟು ವರ್ಷ ತೆರಿಗೆ ಹೇರಿದ್ದು ಈ ಬೆನ್ನ ಮೇಲೇ ಅಲ್ವಾ ಸಾರ್? ವಿನಾಯಿತೀನೂ ಇದರ ಮೇಲೇ ಬರೀರಿ. ಒತ್ತಿ ಬರೀರಿ!"

ಒತ್ತಿಯೇ ಬರೆದರು. ಇಡೀ ಬೀದಿಗೆ ಕೇಳುವಂತೆ ಕೂಗಿದೆವು.