ಯಾವ ಪುಟ ತೆಗೆದರೂ ಆನೆ

ಕನ್ನಡದ ಒಂದಕ್ಷರವೂ ತಿಳಿಯದ ಮನುಷ್ಯನನ್ನು ನಮ್ಮೂರ ಕನ್ನಡ ಶಾಲೆಯ ಮಕ್ಕಳ ಓದು ಅಳೆಯಲು ಕಳಿಸಿದರು. ಕುರುಡನ ಕೈಗೆ ಹತ್ತಿ ಕೊಟ್ಟು ಬಣ್ಣ ಕೇಳುವ ಬುದ್ಧಿವಂತರು ಸರ್ಕಾರದಲ್ಲಿ ಮಾತ್ರ ಸಿಗುತ್ತಾರೆ.

ಎರಡು ಸಾವಿರದ ಆರನೇ ಇಸವಿ. ನಮ್ಮೂರು ತಿಗನಾರೆಯಿಂದ ಆಚೆಗೆ; ಆಡುವ ಮಾತು ಕನ್ನಡ, ಆಳುವ ಸರ್ಕಾರ ತಮಿಳರದು. ಈರೋಡಿನಿಂದ ದಿಂಬಂ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದ ಅಧಿಕಾರಿ, ಎಳನೀರು ಕುಡಿದು ಕುರ್ಚಿಯಲ್ಲಿ ಕೂತು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಮಗು ಎಷ್ಟು ಸರಾಗವಾಗಿ ಓದುತ್ತದೆ ಎಂಬುದರ ಮೇಲೆ ಎ, ಬಿ, ಸಿ, ಡಿ. ಮಕ್ಕಳ ದರ್ಜೆಯ ಮೇಲೆ ಶಾಲೆಯ ದರ್ಜೆ.

ಹೆಡ್ಮಾಸ್ಟರ್ ಆನಂದ ಇದಕ್ಕೆ ಮೊದಲೇ ಸಿದ್ಧನಾಗಿದ್ದ. ಒಂದೊಂದು ಮಗುವಿಗೆ ಒಂದೊಂದು ಪಾಠ ಬಾಯಿಪಾಠ ಮಾಡಿಸಿದ್ದ. ಯಾವ ಪುಟ ತೆಗೆದರೂ ಅದನ್ನೇ ಒಪ್ಪಿಸಬೇಕು.

ಐದನೇ ಕ್ಲಾಸಿನ ಪುಟ್ಟಿ ಮಾತ್ರ ಬಾಯಿಪಾಠಕ್ಕೆ ಒಗ್ಗಲಿಲ್ಲ. ಕೂಲಿ ಮಾಡುವ ಸಣ್ಣಮ್ಮನ ಮಗಳು. ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ, ಆದರೆ ನಿಜವಾಗಿ ಓದುತ್ತಾಳೆ. ಈರೋಡಿನ ಅಯ್ಯ ಓದು ಬರುತ್ತದೆ ಎಂದರೆ ಆರನೇ ಕ್ಲಾಸಿಗೆ, ಇಲ್ಲವೆಂದರೆ ತನ್ನ ಜೊತೆ ಕಳೆ ಕೀಳಲು ಎಂದು ಸಣ್ಣಮ್ಮ ತೀರ್ಮಾನ ಮಾಡಿದ್ದಳು.

ನಾನು ಶಾಲೆಯ ಸಮಿತಿಯವನು, ಅಲ್ಲೇ ಬೆಂಚಿನ ಮೇಲಿದ್ದೆ. ಅಧಿಕಾರಿ ಅದೇ ಕ್ಲಾಸಿನ ಮಾದೇವನ ಮುಂದೆ ಬಿತ್ತನೆ ಬೀಜದ ಪಾಠ ತೆರೆದ. ಅವನು ಪುಸ್ತಕ ನೋಡುತ್ತಾ, ಆನೆ ಕಾಡಿನ ದೊಡ್ಡ ಪ್ರಾಣಿ, ಅದಕ್ಕೆ ಉದ್ದನೆಯ ಸೊಂಡಿಲಿದೆ ಎಂದು ನೀರು ಹರಿದ ಹಾಗೆ ಹೇಳಿದ. ಅಧಿಕಾರಿ ಗಡಿಯಾರ ನೋಡಿ, ‘ನಲ್ಲಾ ಪಡಿಕ್ಕಿರಾನ್’, ಚೆನ್ನಾಗಿ ಓದುತ್ತಾನೆ ಎಂದು ಎ ಕೊಟ್ಟ. ಪುಟ್ಟಿ ಅದೇ ಪುಟವನ್ನು ತಡವರಿಸಿ, ಒಂದಕ್ಷರ ಬಿಡದೆ ಓದಿದಳು. ಡಿ.

ನಾನು ಎದ್ದು ನಿಂತು, ಆ ಹುಡುಗ ಓದಲೇ ಇಲ್ಲ ಎಂದು ತಮಿಳಿನಲ್ಲೇ ಹೇಳಿದೆ. ಇವರು ಊರಿನ ಜಗಳಗಂಟರು ಸಾರ್ ಎಂದ ಆನಂದ. ಅಧಿಕಾರಿ ನನ್ನನ್ನು ಹೊರಗೆ ಕಳಿಸಿದ.

ಮಾರನೆಯ ದಿನ ಬೆಳಿಗ್ಗೆ ಪುಟ್ಟಿ ಕೋಸಿನ ಹೊಲದಲ್ಲಿದ್ದಳು. ಆ ಅಧಿಕಾರಿಗೆ ಕನ್ನಡವೇ ಬರುವುದಿಲ್ಲ ಎಂದು ಸಣ್ಣಮ್ಮನಿಗೆ ಹೇಳಿದೆ.

‘ಬರ್ದಿದ್ರೆ ಕಳುಸ್ತಿದ್ರಾ, ಜಡೆಸ್ವಾಮಣ್ಣ?’ ಎಂದಳು, ತಲೆ ಎತ್ತದೆ.

ಅವಳಿಗೆ ಸರ್ಕಾರದ ಮೇಲೆ ಅಷ್ಟು ಮರ್ಯಾದೆಯಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಮಾದೇವನ ಮನೆಗೆ ಹೋಗಿ, ಶಾಲೆಗೆ ಹೊರಟಿದ್ದ ಅವನನ್ನೂ ಅವನ ಪುಸ್ತಕವನ್ನೂ ಹೊಲಕ್ಕೆ ಎಳೆದು ತಂದೆ. ಬದುವಿನ ಮೇಲೆ ನಿಲ್ಲಿಸಿ, ಒಂದು ಪುಟ ತೆಗೆದು ಓದೋ ಎಂದೆ. ಆನೆ ಕಾಡಿನ ದೊಡ್ಡ ಪ್ರಾಣಿ. ಪುಟ ತಿರುವಿದೆ. ಆನೆ ಕಾಡಿನ ದೊಡ್ಡ ಪ್ರಾಣಿ. ಕಳೆ ಕೀಳುತ್ತಿದ್ದ ಹೆಂಗಸರ ಕೈ ನಿಂತಿತು. ಕೊನೆಯ ಪುಟ ತೆಗೆದೆ. ಪಾಪ, ಅಳುವ ಧ್ವನಿಯಲ್ಲಿ ಮತ್ತೆ ಸೊಂಡಿಲು ಎತ್ತಿದ.

ಸಣ್ಣಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. ‘ಒಲದಲ್ಲಿ ನುಗ್ಗೋ ಆನೆ ಸಾಲ್ದು ಅಂತ ಪುಸ್ತಕದ ತುಂಬಾನೂ ಆನೇನೇ ಅದಾ?’

‘ಇವನಿಗೇ ಎ ಕೊಟ್ಟಿರೋದು ಕಣವ್ವ.’

ಪುಸ್ತಕವನ್ನು ಪುಟ್ಟಿಗೆ ಕೊಟ್ಟೆ. ಅವಳು ಮಣ್ಣಿನ ಕೈ ಲಂಗಕ್ಕೆ ಒರೆಸಿಕೊಂಡು ಒಂದು ಪುಟ ಓದಿದಳು, ಬಾವಿಯ ಬಗ್ಗೆ. ಇನ್ನೊಂದು ಓದಿದಳು, ಇರುವೆಯ ಬಗ್ಗೆ. ತೊದಲಿದಳು, ನಿಂತಳು, ಮತ್ತೆ ಹಿಡಿದಳು. ಸಣ್ಣಮ್ಮ ಪೂರ್ತಿ ಕೇಳಿಸಿಕೊಂಡಳು.

‘ಆವಯ್ಯನ ಕಿವಿಗೇನಾಗಿತ್ತಣ್ಣ?’ ಎಂದಳು. ಆಮೇಲೆ ಮಗಳಿಗೆ, ‘ಕೈಕಾಲು ತೊಳ್ಕೊಂಡು ಇಸ್ಕೂಲಿಗೆ ಓಗು’ ಎಂದಳು.

ಮುಂದಿನ ತಿಂಗಳು ಶಾಲೆಯ ಗೋಡೆಗೆ ಕನ್ನಡದಲ್ಲಿ ಬರೆದ ಎ ದರ್ಜೆಯ ಹಲಗೆ ಹೊಡೆದರು. ಆನಂದನಿಗೆ ಹಾರ ಹಾಕಿದರು. ಅದರ ಕೆಳಗೇ ದಿನಾ ಒಳಗೆ ಹೋಗುತ್ತಿದ್ದ ಪುಟ್ಟಿ ಅವರ ಲೆಕ್ಕದಲ್ಲಿ ಇವತ್ತಿಗೂ ಡಿ. ಇರಲಿ ಬಿಡಿ. ಆ ಹಲಗೆಯನ್ನು ಓದಬಲ್ಲವಳು ಆ ಕ್ಲಾಸಿನಲ್ಲಿ ಅವಳೊಬ್ಬಳೇ.