ಐದನೇ ನಂಬರಿನ ಚೀಲ

"ಉಂಗುರ ಕ್ಲಬ್ಬಲ್ಲಿ, ಅಜ್ಜನ ಚೀಲದಲ್ಲಿದೆ," ಎಂದುಬಿಟ್ಟ.

ಹೇಳಿದ ಮೇಲೆಯೇ ತಾನು ಹೇಳಿದ್ದು ಏನೆಂದು ಅವನಿಗೆ ಹೊಳೆದದ್ದು. ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವನ ಎಡಗೈಯನ್ನೇ ನೋಡುತ್ತಿದ್ದಳು. ಉಂಗುರದ ಬೆರಳಿನ ಬುಡದಲ್ಲಿ ಬಿಸಿಲು ತಾಗದ ಚರ್ಮದ ಬಿಳಿ ಗೆರೆ. ಎರಡು ತಿಂಗಳಲ್ಲಿ ಅದೂ ಮಾಸುತ್ತ ಬಂದಿತ್ತು.

"ಇಷ್ಟು ದಿನವೂ ಅಲ್ಲೇ ಇದೆಯಾ?"

"ದಿನಾ ಹಾಕೋದು, ದಿನಾ ತೆಗೆಯೋದು. ಸೀಸನ್ ಮುಗಿಯೋ ತನಕ ಅಲ್ಲೇ ಇರಲಿ ಅಂತ ಬಿಟ್ಟೆ."

"ನಾಳೆ ಅಕ್ಕನ ಮನೆಗೆ ಹೋಗಬೇಕಲ್ಲ. ಬೋಳು ಬೆರಳಲ್ಲಿ ಬರ್ತೀರಾ?"

"ತರ್ತೀನಿ ಬಿಡು."

"ನೀವು ತಂದ ಹಾಗೇ ಇದೆ. ಇವತ್ತು ಮ್ಯಾಚ್ ನೋಡೋಕೆ ಹೇಗೂ ಬರ್ತೀನಿ. ಅಜ್ಜನ ಹತ್ರ ನಾನೇ ಇಸ್ಕೊಳ್ತೀನಿ."

ಇಸ್ತ್ರಿ ಮತ್ತೆ ಬಟ್ಟೆಯ ಮೇಲೆ ಓಡಿತು. ಅವಳು ಅವನದೇ ಅಂಗಿಯ ಕಾಲರನ್ನು ತೀಡುತ್ತಿದ್ದಳು. ಅವನು ಬ್ಯಾಗು ಹೆಗಲಿಗೇರಿಸಿ, ಟೀ ಅರ್ಧದಲ್ಲೇ ಬಿಟ್ಟು ಹೊರಟ.

ಅವನು ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯುವವನು. ಕ್ಲಬ್ಬಿನ ಐದನೇ ನಂಬರು. ಹಿಂದಿನ ಸಾಲಿನ ನಡುವೆ ನಿಂತು ಬಂದದ್ದನ್ನೆಲ್ಲ ತಡೆಯುವ ಡಿಫೆಂಡರ್. ಗಣಿತದಲ್ಲಿ ಡಿಗ್ರಿ ಮಾಡಿದ್ದಕ್ಕೆ ಜೊತೆಯವರು ಪ್ರೊಫೆಸರ್ ಎನ್ನುತ್ತಿದ್ದರು. ಸಂಭವನೀಯತೆಯಲ್ಲಿ ನೂರಕ್ಕೆ ತೊಂಬತ್ತಾರು ಬಂದಿತ್ತು. ಆ ತೊಂಬತ್ತಾರೇ ಅವನನ್ನು ತಿಂದುಹಾಕಿತು. ಲೆಕ್ಕ ಬಾರದವನು ಬಾಜಿಯಲ್ಲಿ ಸೋತರೆ ಹಣೆಬರಹ ಎಂದು ಎದ್ದು ಹೋಗುತ್ತಾನೆ. ಇವನು ಸೋತಾಗಲೆಲ್ಲ ಲೆಕ್ಕ ತಿದ್ದಿಕೊಂಡು ಮತ್ತೆ ಕೂರುತ್ತಿದ್ದ.

ಉಂಗುರವನ್ನು ಅಡವಿಟ್ಟಿರಲಿಲ್ಲ, ಮಾರಿದ್ದ. ಅಡವಿಗೆ ಹೆಸರು, ವಿಳಾಸ, ಸಹಿ ಎಲ್ಲ ಬೇಕು. ಆಟಗಾರನ ಸಹಿ ಸಿಕ್ಕಿತೆಂದರೆ ಅಂಗಡಿಯವನು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಾನು. ವಾರ ಬಿಟ್ಟು, ಒಂದು ಬಾಜಿ ಗೆದ್ದ ದಿನ, ಮರಳಿ ಕೊಳ್ಳಲು ಓಡಿದ್ದ. "ಅವತ್ತೇ ಕರಗಿಸಿಬಿಟ್ವಿ ಸಾರ್," ಎಂದಿದ್ದ ಅಂಗಡಿಯವನು, ಕೈಯನ್ನು ನೀರಿನಂತೆ ಹರಿಸಿ ತೋರಿಸುತ್ತ. ಉಂಗುರದ ಒಳಸುತ್ತಿನಲ್ಲಿ ಅವಳ ಹೆಸರಿನ ಮೊದಲ ಅಕ್ಷರ ಕೊರೆದಿತ್ತು. ಅಕ್ಷರವೂ ಕರಗಿತ್ತು. ಈಗ ಆ ಉಂಗುರ ಪ್ರಪಂಚದಲ್ಲಿ ಎಲ್ಲೂ ಇರಲಿಲ್ಲ. ಮರಳಿ ಕೊಳ್ಳಲು ತಂದ ಹಣ ಆ ಸಂಜೆಯೇ ಹೋಯಿತು.

ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಹೊಸದೊಂದು ಭಿತ್ತಿಪತ್ರ ಅಂಟಿಸಿದ್ದರು. ತಲೆಯ ಮೇಲೆ ಕೈಹೊತ್ತು ಕೂತ ಆಟಗಾರನ ಚಿತ್ರ, ಕೆಳಗೆ 'ಜೂಜಿನ ಚಟವೇ? ನಮ್ಮೊಡನೆ ಮಾತಾಡಿ.' ಒಳಗೆ ಗೂಟಗಳಿಗೆ ತೂಗುಬಿಟ್ಟ ಅಂಗಿಗಳ ಎದೆಯ ಮೇಲೆ ಬಾಜಿ ಕಂಪನಿಯ ಹೆಸರು, ದೂರದ ಗ್ಯಾಲರಿಗೂ ಕಾಣುವಷ್ಟು ದೊಡ್ಡದಾಗಿ.

"ಏನು ಪ್ರೊಫೆಸರ್, ಇವತ್ತು ಯಾವ ಕಡೆ?" ಎಂದ ಗೋಲ್‌ಕೀಪರ್. ಅವನನ್ನು ಎಲ್ಲರೂ ಗೋಡೆ ಎನ್ನುತ್ತಿದ್ದರು. ಹೋದ ವರ್ಷ ಕಾರು ಮಾರಿ, ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿಕೊಂಡು ನಡೆದು ಬರುತ್ತಿದ್ದ.

"ಬಿಟ್ಟಿದ್ದೀನಿ."

"ನಾನೂ ಬಿಟ್ಟಿದ್ದೀನಪ್ಪ. ದಿನಕ್ಕೆ ಮೂರು ಸಲ ಬಿಡ್ತೀನಿ."

ಮೂಲೆಯಲ್ಲಿ ಅಜ್ಜ ಕಬ್ಬಿಣದ ಡಬ್ಬಿ ತೆರೆದುಕೊಂಡು ಕೂತಿದ್ದ. ಮೂವತ್ತು ವರ್ಷದಿಂದ ಕ್ಲಬ್ಬಿನ ಬೂಟು, ಬಟ್ಟೆ, ಚೆಂಡು ಎಲ್ಲ ಅವನ ಸುಪರ್ದಿನಲ್ಲಿ. ಹರಿದ ಅಂಗಿಗಳ ಬಟ್ಟೆಯಲ್ಲಿ ತಾನೇ ಪುಟ್ಟ ಚೀಲಗಳನ್ನು ಹೊಲಿದು ಒಂದೊಂದಕ್ಕೂ ನಂಬರು ಹಾಕಿದ್ದ. ಆಟಕ್ಕೆ ಮುಂಚೆ ಪ್ರತಿಯೊಬ್ಬನೂ ತನ್ನ ಉಂಗುರ, ಸರ, ವಾಚನ್ನು ಚೀಲಕ್ಕೆ ಹಾಕಿ ತಾನೇ ದಾರ ಬಿಗಿದು ಕೊಡಬೇಕು. ಅಜ್ಜ ಬಿಚ್ಚಿ ನೋಡುವವನಲ್ಲ, ಬರೆದಿಡುವವನೂ ಅಲ್ಲ. ಎಲ್ಲವನ್ನೂ ಡಬ್ಬಿಗೆ ಹಾಕಿ, ಬೀಗ ಜಡಿದು, ಆಟ ಮುಗಿಯುವ ತನಕ ಅದರ ಮೇಲೆಯೇ ಕೂರುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದೇ ಒಂದು ಮ್ಯಾಚನ್ನೂ ಕಣ್ಣಾರೆ ನೋಡಿರಲಿಲ್ಲ. ಹೊರಗಿನ ಕೂಗು ಕೇಳಿ ಗೋಲು ಎಣಿಸಿಕೊಳ್ಳುತ್ತಿದ್ದ.

ಪ್ರೊಫೆಸರ್ ಐದನೇ ಚೀಲವನ್ನು ಎತ್ತಿಕೊಂಡು ಮನೆಯ ಬೀಗದಕೈಯನ್ನು ಅದರೊಳಗೆ ಹಾಕಿದ. ದಾರ ಎಳೆದ. ಅಜ್ಜ ಕೈಚಾಚಿದ. ಆಗ ಅವನ ಬಾಯಿ, ಬೆಳಗ್ಗೆ ಮಾಡಿದಂತೆಯೇ, ಅವನನ್ನು ಕೇಳದೆ ತೆರೆಯಿತು.

"ಅಜ್ಜಾ, ನನ್ನ ಉಂಗುರ ಚೀಲದಲ್ಲೇ ಬಿಟ್ಟಿದ್ದೆ. ಈಗ ಇಲ್ಲ."

ಅಜ್ಜನ ಕೈ ಹಾಗೇ ನಿಂತಿತು. "ಬಿಟ್ಟಿದ್ರಾ?"

"ಸೀಸನ್ ಮುಗಿಯೋ ತನಕ ಇರಲಿ ಅಂತ."

"ನಾನು ಬಿಚ್ಚೋದೇ ಇಲ್ವಲ್ಲ ಪ್ರೊಫೆಸರೇ." ಅಜ್ಜ ಚೀಲವನ್ನು ಅಂಗೈ ಮೇಲಿಟ್ಟು ತೂಗಿ ನೋಡಿದ. "ಐದನೇದು ಕೈಗೆ ಹಗುರ ಆಯ್ತು ಅನ್ನಿಸ್ತಿತ್ತು. ಎರಡು ತಿಂಗಳಾಯ್ತೇನೋ. ನನ್ನ ಕೈಗೇ ವಯಸ್ಸಾಯ್ತು ಅಂದ್ಕೊಂಡು ಸುಮ್ಮನಾದೆ ನೋಡಿ. ಕೇಳಬೇಕಿತ್ತು. ಕತ್ತೆ ನಾನು."

ಒಂದು ಮಾತು ಸಾಕಿತ್ತು. ತಮಾಷೆಗೆ ಹೇಳಿದೆ ಅಜ್ಜ, ಮನೆಯಲ್ಲೇ ಇದೆ, ಎಂದಿದ್ದರೂ ನಡೆಯುತ್ತಿತ್ತು. ಅವನು ಬಿಳಿ ಪಟ್ಟಿಯ ಸುರುಳಿ ಎತ್ತಿಕೊಂಡು, ಬೆರಳಿನ ಬುಡಕ್ಕೆ ಎರಡು ಸುತ್ತು ಸುತ್ತಿ, ಹಲ್ಲಿನಿಂದ ಕಚ್ಚಿ ಹರಿದ. ಉಂಗುರ ತೆಗೆದ ಜಾಗಕ್ಕೆ ಪಟ್ಟಿ ಸುತ್ತುವುದು ಮದುವೆಯಾದಾಗಿನಿಂದ ಬಂದ ರೂಢಿ. ಗ್ಯಾಲರಿಯಿಂದ ಆ ಬಿಳಿ ಚುಕ್ಕೆ ಕಂಡರೆ ಸಾಕು ನನಗೆ, ಎಂದಿದ್ದಳು ಅವಳು.

ಗೋಡೆ ಗ್ಲೌಸು ಬಿಗಿಯುತ್ತ ಪಕ್ಕಕ್ಕೆ ಬಂದು ಕೂತ. ತಗ್ಗಿದ ದನಿಯಲ್ಲಿ ಹೇಳಿದ:

"ನನ್ನ ವಾಚು ಹೋದಾಗ ನಾನು ಬಸ್ಸಲ್ಲಿ ಕಳೀತು ಅಂದಿದ್ದೆ."

"ಅದಕ್ಕೆ?"

"ಬಸ್ಸಿಗೆ ಹೆಂಡತಿ ಮಕ್ಕಳಿಲ್ಲ, ಅಷ್ಟೆ."

ಪ್ರೊಫೆಸರ್ ಬೂಟಿನ ದಾರಕ್ಕೆ ಇನ್ನೊಂದು ಗಂಟು ಹಾಕಿದ.

ಅಜ್ಜ ಯಾರೂ ಹೇಳದಿದ್ದರೂ ತಾನೇ ಎದ್ದು ಮ್ಯಾನೇಜರ್ ಕೋಣೆಗೆ ಹೋದ. ಬಾಗಿಲು ತಟ್ಟಿದ ಸದ್ದು, ಒಳಗೆ ಮ್ಯಾನೇಜರ್‌ನ ಏರಿದ ದನಿ, ಆಮೇಲೆ ಏನೂ ಇಲ್ಲ.

ಪ್ರೊಫೆಸರ್ ಕಕ್ಕಸಿಗೆ ನಡೆದು ಚಿಲಕ ಹಾಕಿದ. ಒಂದು ಫೋನನ್ನು ಕ್ಲಬ್ಬಿನವರು ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದರು. ಎರಡನೆಯದು ಟವೆಲ್ಲಿನ ಮಡಿಕೆಯಲ್ಲಿತ್ತು. ಯಾವುದೋ ದೇಶದ ಯಾವುದೋ ಎರಡನೇ ದರ್ಜೆಯ ಮ್ಯಾಚು. ತಂಡಗಳ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದು. ಎರಡೂ ಕಡೆ ಸೇರಿ ಮೂರು ಗೋಲು ಆಗುವುದಿಲ್ಲ ಎಂದು, ಗೋಡೆಯಿಂದ ಹಿಡಿದು ಸಂಬಳದ ಗುಮಾಸ್ತೆಯವರೆಗೆ ಎಲ್ಲರ ಬಳಿ ಸಾಲ ಎತ್ತಿ ಉಳಿಸಿಕೊಂಡದ್ದನ್ನೆಲ್ಲ ಕಟ್ಟಿದ. ಗೆದ್ದರೆ ಸಂಜೆ ಅಂಗಡಿ ಮುಚ್ಚುವ ಮೊದಲು ಅಂಥದೇ ಉಂಗುರ ಕೊಳ್ಳಬಹುದು. ಒಂದು ಅಕ್ಷರ ಕೊರೆಯಲು ಅಕ್ಕಸಾಲಿಗೆ ಅರ್ಧ ಗಂಟೆ. ಬೂಟಿನೊಳಗೆ ಸಿಕ್ಕಿತು ಅಜ್ಜ, ಎಂದು ತೋರಿಸಿದರೆ ಎಲ್ಲರೂ ನಗುತ್ತಾರೆ, ಅಜ್ಜನೂ ನಗುತ್ತಾನೆ. ಈಗ ಇದು ಜೂಜಲ್ಲ. ಒಬ್ಬ ಮುದುಕನ ಕೆಲಸ ಉಳಿಸುವ ಉಪಕಾರ. ಇಷ್ಟು ಶುದ್ಧ ಮನಸ್ಸಿನಿಂದ ಅವನು ಹಿಂದೆಂದೂ ಬಾಜಿ ಕಟ್ಟಿರಲಿಲ್ಲ.

ಮೈದಾನಕ್ಕಿಳಿಯುವ ಮುಂಚೆ ರೆಫರಿ ಎಲ್ಲರ ಕೈ ಕಾಲು ನೋಡುತ್ತ ಬಂದ. ಪಟ್ಟಿಯ ಮೇಲೆ ಬೆರಳಿಟ್ಟು ಅದುಮಿದ.

"ಉಂಗುರ ಇದ್ರೆ ತೆಗೀಬೇಕು."

"ಇಲ್ಲ."

ಮತ್ತೊಮ್ಮೆ ಅದುಮಿದ. "ಇಲ್ಲದ ಮೇಲೆ ಪಟ್ಟಿ ಯಾಕಪ್ಪ?"

"ಉಳುಕಿದೆ."

ರೆಫರಿ ಅವನ ಮುಖವನ್ನೊಮ್ಮೆ ನೋಡಿ ಮುಂದಿನವನತ್ತ ಹೋದ.

ಮೊದಲರ್ಧ ಚೆನ್ನಾಗಿ ಆಡಿದ. ತಲೆಯಿಂದ ಎರಡು ಚೆಂಡು ತೆಗೆದ, ಗೋಲಿನ ಗೆರೆಯ ಮೇಲಿಂದ ಒಂದನ್ನು ಒದ್ದು ಹೊರಗೆ ಹಾಕಿದ. ಜನ ಅವನ ನಂಬರು ಕೂಗಿದರು. ಅದು ಬೇರೆ ಯಾರದೋ ನಂಬರಿನಂತೆ ಕೇಳಿಸಿತು. ಕಾಲು ಇಲ್ಲಿ ಓಡುತ್ತಿತ್ತು. ಅವನು ಮಾತ್ರ ಆ ಹೆಸರು ತಿಳಿಯದ ಊರಿನ ಮೈದಾನದಲ್ಲಿ ನಿಂತು, ಯಾರೂ ಗೋಲು ಹೊಡೆಯದಂತೆ ಕಾಯುತ್ತಿದ್ದ.

ವಿರಾಮದಲ್ಲಿ ಕಕ್ಕಸಿಗೆ ಓಡಿ ನೋಡಿದ. ಒಂದೇ ಗೋಲು. ಎದೆ ಹಗುರಾಯಿತು. ಹೊರಬಂದರೆ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಅಜ್ಜ ಡಬ್ಬಿಯ ಮೇಲೆ ಕೂತಿರಲಿಲ್ಲ. ಸಾಲಿಗಿಟ್ಟ ಬೂಟುಗಳನ್ನು ಒಂದೊಂದಾಗಿ ಎತ್ತಿ, ಬೋರಲು ಹಾಕಿ, ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದ.

"ಕೂತ್ಕೋ ಅಜ್ಜ," ಎಂದ ಗೋಡೆ. "ಸಿಗತ್ತೆ. ಕೆಲವು ಸಾಮಾನು ಮನೆಗೆ ಹೋದ ಮೇಲೇ ಸಿಗೋದು." ಹಾಗೆಂದು ಪ್ರೊಫೆಸರನ್ನು ನೋಡಲಿಲ್ಲ. ನೋಡದೆ ಇದ್ದದ್ದು ಎಲ್ಲರಿಗೂ ಕಂಡಿತು.

"ಹುಡುಕ್ತೀನಪ್ಪ," ಎಂದ ಅಜ್ಜ. "ಇಲ್ಲೇ ಎಲ್ಲೋ ಇರ್ಬೇಕು. ಎಲ್ಲಿಗೆ ಹೋಗತ್ತೆ ಅದು?"

ಎರಡನೇ ಅರ್ಧದಲ್ಲಿ ಏನಾಯಿತೆಂದು ಅವನಿಗೆ ನೆನಪಿಲ್ಲ. ತಮ್ಮ ತಂಡವೇ ಗೆದ್ದಿರಬೇಕು. ಯಾರೋ ತಬ್ಬಿಕೊಂಡು ಬೆನ್ನಿಗೆ ಗುದ್ದಿದರು. ಅವನು ಟವೆಲ್ಲನ್ನು ಹುಡುಕಿಕೊಂಡು ಒಳಗೋಡಿದ.

ಮೂರು ಗೋಲು. ಮೂರನೆಯದು ಕೊನೆಯ ಸೀಟಿ ಊದುವುದಕ್ಕೆ ಅರ್ಧ ನಿಮಿಷ ಮುಂಚೆ, ಪೆನಾಲ್ಟಿಯಲ್ಲಿ. ಡಿಫೆಂಡರ್ ಒಬ್ಬನ ಕೈಗೆ ಚೆಂಡು ತಾಗಿತ್ತಂತೆ. ಬೋಳೀಮಗ, ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕೆಂಬ ಪರಿಜ್ಞಾನವೂ ಇಲ್ಲ! ಹತ್ತು ವರ್ಷದ ಅನುಭವದ ಸಿಟ್ಟೆಲ್ಲ ಆ ಕಾಣದವನ ಮೇಲೆ ಉಕ್ಕಿತು. ಬಾಗಿಲಿಗೆ ಹಣೆ ಒತ್ತಿ ನಿಂತ. ಲೆಕ್ಕ ತಪ್ಪಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಅರ್ಧ ನಿಮಿಷ.

ಹೊರಬಂದರೆ ಮೊಗಸಾಲೆಯಲ್ಲಿ ತನ್ನ ಹೆಂಡತಿ ಮತ್ತು ಮ್ಯಾನೇಜರ್ ನಿಂತಿದ್ದರು. ಅವಳು ಕೈಚೀಲವನ್ನು ಎದೆಗವಚಿಕೊಂಡಿದ್ದಳು.

"ಬೇಜಾರು ಮಾಡ್ಕೋಬೇಡಿ ಪ್ರೊಫೆಸರ್," ಎಂದ ಮ್ಯಾನೇಜರ್. "ನಾಳೆಯಿಂದ ಬರಬೇಡ ಅಂದಿದ್ದೀನಿ ಅಜ್ಜನಿಗೆ. ಕದ್ದ ಅಂತ ಹೇಳ್ತಿಲ್ಲ ನಾನು. ಆದ್ರೆ ನಾಳೆ ಇನ್ನೊಬ್ಬರದು ಹೋದ್ರೆ ಜವಾಬು ಯಾರು ಕೊಡೋದು? ಅವನಿಗೆ ಬರಬೇಕಾದ್ದರಲ್ಲಿ ಉಂಗುರದ ಬೆಲೆ ಮುರ್ಕೊಂಡು ನಿಮಗೆ ಕೊಡ್ತೀವಿ."

ನಿಮಗೆ ಕೊಡ್ತೀವಿ. ಆ ಮಾತು ಕಿವಿಗೆ ಬಿದ್ದ ತಕ್ಷಣ ತಲೆಯೊಳಗೆ ಏನೋ ಚುರುಕಾಗಿ ಎದ್ದು ಕೂತು, ಇಂದು ಯಾವ ಊರಲ್ಲಿ ಯಾವ ಮ್ಯಾಚು ಇದೆ ಎಂದು ಹುಡುಕತೊಡಗಿತು. ಅವನಿಗೇ ಅಸಹ್ಯವಾಯಿತು. ಅಸಹ್ಯದ ನಡುವೆಯೂ ಹುಡುಕಾಟ ನಿಲ್ಲಲಿಲ್ಲ.

ಮ್ಯಾನೇಜರ್ ಹೋದ. ಹೆಂಡತಿ ಅವನ ಬೆರಳಿನ ಪಟ್ಟಿಯನ್ನೇ ನೋಡುತ್ತಿದ್ದಳು. ಬೆವರಿಗೂ ಮಣ್ಣಿಗೂ ಅದು ಕಂದಾಗಿತ್ತು.

"ಅಜ್ಜನ್ನ ಮಾತಾಡಿಸಿದೆ," ಎಂದಳು. "ನಿಮ್ಮ ಚೀಲ ಎರಡು ತಿಂಗಳಿಂದ ಹಗುರ ಇತ್ತಂತೆ. ತನ್ನ ಕೈದೇ ತಪ್ಪು ಅಂತಾನೆ."

"ವಯಸ್ಸಾಯ್ತಲ್ಲ ಅವನಿಗೆ."

"ನೀವೂ ಹಾಗೇ ಅಂತೀರಾ?"

"ಮತ್ತಿನ್ನೇನು?"

ಅವಳು ಕೈಚೀಲವನ್ನು ಹೆಗಲಿಗೇರಿಸಿದಳು. ಆಮೇಲೆ, ಬೆಳಗ್ಗೆ ಇಸ್ತ್ರಿ ಮಾಡುತ್ತ ಮಾತಾಡಿದ ಅದೇ ದನಿಯಲ್ಲಿ, "ಬಚ್ಚಲಲ್ಲಿ ಹುಡುಕ್ತಾ ಇದ್ದಾನೆ," ಎಂದಳು. "ಹೋಗಿ. ನೀವೂ ಹುಡುಕಿ. ನಾನು ಹೊರಗೆ ಕಾರಲ್ಲಿ ಕೂತಿರ್ತೀನಿ."

"ಎಷ್ಟು ಹೊತ್ತು?"

"ಸಿಗೋ ತನಕ."

ಷವರಿನ ಕೋಣೆಯಲ್ಲಿ ಆವಿ ಇನ್ನೂ ಆರಿರಲಿಲ್ಲ. ಆಟಗಾರರೆಲ್ಲ ಸ್ನಾನ ಮುಗಿಸಿ ಹೋಗಿದ್ದರು. ಚರಂಡಿಯ ಜಾಲರಿಯನ್ನು ಕಿತ್ತು ಗೋಡೆಗೆ ಒರಗಿಸಿ, ಅಜ್ಜ ಒದ್ದೆ ನೆಲದ ಮೇಲೆ ಬೋರಲು ಮಲಗಿ, ಹೆಗಲವರೆಗೆ ಕೈ ಇಳಿಬಿಟ್ಟಿದ್ದ. ಪಕ್ಕದಲ್ಲಿ ಅವನು ಹೊರತೆಗೆದ ರಾಶಿ: ಕೂದಲು, ಸೋಪಿನ ಚೂರು, ಕೊಳೆತ ಹುಲ್ಲು, ಮುದುಡಿದ ಬಿಳಿ ಪಟ್ಟಿಗಳು ಬೇಕಾದಷ್ಟು.

"ಬಂದ್ರಾ ಪ್ರೊಫೆಸರೇ? ಒಂದು ಕೈ ನೋಡ್ತೀರಾ? ನಿಮ್ಮ ತೋಳು ಉದ್ದ. ಆ ತಿರುವಿನ ಹತ್ರ ಏನೋ ಗಟ್ಟಿ ತಾಗ್ತಾ ಇದೆ. ನನಗೆ ಎಟುಕ್ತಿಲ್ಲ."

"ಅಜ್ಜ," ಎಂದ.

"ಹ್ಞಾಂ?"

ಅಜ್ಜ ತಲೆ ಎತ್ತಿ ಕಾದ. ಕೆನ್ನೆಗೆ ಕೆಸರು ಮೆತ್ತಿತ್ತು.

"ಸ್ವಲ್ಪ ಸರೀರಿ."

ಅಂಗಿ ಸಮೇತ ಮಲಗಿ ಕೈ ಬಿಟ್ಟ. ಎದೆಯ ಮೇಲಿದ್ದ ಕಂಪನಿಯ ಹೆಸರು ಒದ್ದೆ ನೆಲಕ್ಕೆ ಒತ್ತಿಕೊಂಡಿತು. ನೀರು ಉಗುರುಬೆಚ್ಚಗಿತ್ತು. ಆಮೇಲೆ ತಣ್ಣಗಾಯಿತು. ಲೋಳೆ, ಕೂದಲು, ಮತ್ತೆ ಲೋಳೆ. ಬೆರಳಿನ ಪಟ್ಟಿ ನೆನೆದು ಸಡಿಲವಾಗಿ, ಬಿಚ್ಚಿಕೊಂಡು, ಕತ್ತಲೊಳಗೆ ಹರಿದುಹೋಯಿತು. ತಿರುವು ಸಿಕ್ಕಿತು. ತಿರುವಿನಾಚೆ ಬೆರಳ ತುದಿಗೆ ಏನೋ ತಾಗಿತು. ಗಟ್ಟಿ, ನುಣುಪು, ದುಂಡಗೆ.

ಉಂಗುರ ಕರಗಿಹೋಗಿತ್ತು. ಅಂಗಡಿಯವನ ಕೈ ನೀರಿನಂತೆ ಹರಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ ಅವನ ಎದೆ, ಕೊನೆಯ ನಿಮಿಷಗಳಲ್ಲಿ ಹೊಡೆದುಕೊಳ್ಳುವ ಹಾಗೆ, ಡವಡವ ಹೊಡೆದುಕೊಳ್ಳತೊಡಗಿತು.

"ಸಿಕ್ತಾ?" ಎಂದ ಅಜ್ಜ.

ಅವನು ಕೆನ್ನೆಯನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ, ಹೆಗಲನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

"ಇನ್ನೊಂದು ಸ್ವಲ್ಪ," ಎಂದ. "ಇನ್ನೊಂದೇ ಒಂದು ಸ್ವಲ್ಪ ಅಜ್ಜ."