ನದಿಯಾಚೆ ಕರೆದ ಹೆಸರು

ಅಂಜಿನಮ್ಮ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಲು ಬಾಗಿದಾಗ ಮೊಕ್ಬುಲ್ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, ನಗುತ್ತ, "ಶಾಕ್ರಿಯೊಬ್ಬಾ" ಅಂದರು.

ಎದುರಿಗೆ ಕೂತಿದ್ದ ಮಹಾಂತಮ್ಮನ ಕೈಯಲ್ಲಿದ್ದ ಚಹಾದ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

"ಏನಂದ್ರು ಇವ್ರು?"

"ನಂಗೂ ತಿಳೀನಿಲ್ಲ ಕಣಜ್ಜಿ," ಅಂದಳು ಶಾಂತಿ. "ಅದು ನಮ್ ಬಂಗಾಳಿ ಮಾತಲ್ಲ."

ಶಾಂತಿ ಸಿಲಿಗುರಿ ಕಡೆಯ ಹುಡುಗಿ. ವೈಟ್‌ಫೀಲ್ಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಕಾಡುಗೋಡಿಯಲ್ಲಿ ಅಂಜಿನಮ್ಮನ ಮನೆಯ ಮಹಡಿ ರೂಮಿಗೆ ಬಾಡಿಗೆಗೆ ಬಂದು ವರ್ಷಗಳಾಗಿದ್ದವು. ಕನ್ನಡವನ್ನು ಅಂಜಿನಮ್ಮನ ಬಾಯಿಂದಲೇ ಕಲಿತಿದ್ದರಿಂದ ಊರಿನವರಷ್ಟೇ ಸಲೀಸಾಗಿ ಹಕಾರ ನುಂಗಿ ಮಾತಾಡುತ್ತಿದ್ದಳು. ಮೊಕ್ಬುಲ್ ಬಾಂಗ್ಲಾದೇಶದವರು, ಊರಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹೆಂಡತಿ ಸಾಲೇಹಾಳ ಹೃದಯದ ಆಪರೇಷನ್ನಿಗೆಂದು ಹಿಂದಿನ ಸಂಜೆ ಬಂದಿಳಿದು ಕೆಳಗಿನ ಖಾಲಿ ರೂಮಿನಲ್ಲಿ ತಂಗಿದ್ದರು. ಅವರು ಬಂದದ್ದು ಚಿಕಿತ್ಸೆಗಾಗಿ ಮಾತ್ರವಲ್ಲ. ಅದಕ್ಕೇ ಮಹಾಂತಮ್ಮ ಬೆಳಗಾಗುತ್ತಲೇ ಬ್ರೂಕ್‌ಫೀಲ್ಡಿನ ಮಗಳ ಫ್ಲ್ಯಾಟಿನಿಂದ ಹೊರಟು, ಮೆಟ್ರೊ ಹತ್ತಿ ಇಲ್ಲಿಗೆ ಬಂದಿದ್ದಳು.

ಎಪ್ಪತ್ತೊಂದರ ಯುದ್ಧ ಇನ್ನೂ ಘೋಷಣೆಯಾಗಿರದ ದಿನಗಳಲ್ಲಿ ನಮ್ಮ ಸೇನೆಯ ಒಂದು ಸಣ್ಣ ತಂಡ ಸಮವಸ್ತ್ರ ಕಳಚಿಟ್ಟು, ಲುಂಗಿ ಉಟ್ಟು, ದೋಣಿಯಲ್ಲಿ ಗಡಿಯಾಚೆಯ ನದಿಯೊಂದನ್ನು ದಾಟಿತ್ತು. ಆಚೆ ದಡದ ರೈಲು ಸೇತುವೆಯನ್ನು ಕೆಡವಿ ಬರಬೇಕಿತ್ತು. ಯಾರೂ ಮರಳಲಿಲ್ಲ. ಅಂಥ ತಂಡವನ್ನು ಕಳಿಸಿಯೇ ಇಲ್ಲ ಎಂದಮೇಲೆ, ಮರಳಲಿಲ್ಲ ಎಂದು ಹೇಳುವವರಾದರೂ ಯಾರು? ಮನೆಯವರಿಗೆ ತಿಳಿಸಿದ್ದು 'ಕಾಣೆಯಾಗಿದ್ದಾರೆ' ಎಂದಷ್ಟೇ. ಅಂಜಿನಮ್ಮ ಆಗ ಮಗ ಲೋಕೇಶನ ಬಸುರಿ. ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡು ಗಂಡನ ಸುದ್ದಿ ವಿಚಾರಿಸಲು ಮಾವನ ಜೊತೆ ದಿಲ್ಲಿಗೆ ಹೋದಾಗ, ಸೇನಾ ಕಚೇರಿಯ ಓಣಿಯಲ್ಲಿ ಬಿಜಾಪುರ ಕಡೆಯ ಹೆಂಗಸೊಬ್ಬಳು ರೊಟ್ಟಿಯ ಗಂಟು ಬಿಚ್ಚಿ, "ತಗೋ ತಂಗಿ, ಮದಲ ತಿನ್ನು. ಕೂಸಿಗೆ ಹಾಲು ಬರಬೇಕಲ್ಲ," ಅಂದಿದ್ದಳು. ಆಕೆಯೇ ಮಹಾಂತಮ್ಮ. ಇಬ್ಬರ ಗಂಡಂದಿರೂ ಅದೇ ದೋಣಿಯಲ್ಲಿದ್ದರೆಂದು ಬಹಳ ವರ್ಷಗಳ ಮೇಲೆ ನಿವೃತ್ತ ಅಧಿಕಾರಿಯೊಬ್ಬರು ಗುಟ್ಟಾಗಿ ಹೇಳಿದರು. ಅಷ್ಟು ಹೊತ್ತಿಗೆ ಇವರು ಅಕ್ಕತಂಗಿಯರಂತೆ ಆಗಿಹೋಗಿದ್ದರು.

ಈ ಕಥೆಯನ್ನೆಲ್ಲ ಅಂಜಿನಮ್ಮ ಒಂದು ಭಾನುವಾರ ಅವರೇಕಾಯಿ ಬಿಡಿಸುತ್ತ ಶಾಂತಿಗೆ ಹೇಳಿದ್ದಳು. ಹುಡುಗಿ ಸುಮ್ಮನಿರಲಿಲ್ಲ. ನದಿಯ ಹೆಸರು, ಸೇತುವೆಯ ಹೆಸರು ಹಾಕಿ ಬಂಗಾಳಿಯಲ್ಲಿ ಬರೆದು ಫೋನಿನಲ್ಲಿ ಆ ಕಡೆಯವರ ಗುಂಪುಗಳಿಗೆಲ್ಲ ಹಂಚಿದಳು. ತಿಂಗಳುಗಟ್ಟಲೆ ಸದ್ದಿಲ್ಲ. ಆಮೇಲೆ ಒಂದು ದಿನ ಮೊಕ್ಬುಲ್ ಕರೆ ಮಾಡಿದರು. ತಮಗೆ ಗೊತ್ತಿದೆ, ಆದರೆ ಇದು ಫೋನಿನಲ್ಲಿ ಹೇಳುವಂಥದ್ದಲ್ಲ, ಹೇಗೂ ಬೆಂಗಳೂರಿಗೆ ಬರುವುದಿದೆ, ಎದುರಿಗೆ ಕೂತೇ ಹೇಳುತ್ತೇನೆ ಅಂದರು.

"ಆ ಮಾತು ಎಲ್ಲೀದು ಕೇಳವಾ," ಅಂದಳು ಮಹಾಂತಮ್ಮ.

ಶಾಂತಿ ಕೇಳಿದಳು. ಮೊಕ್ಬುಲ್ ಕೈ ತೊಳೆದು, ಹೆಗಲ ವಸ್ತ್ರದಲ್ಲಿ ಒರೆಸಿಕೊಂಡು ನಿಧಾನವಾಗಿ ಹೇಳತೊಡಗಿದರು. ಶಾಂತಿ ಹಿಂದೆ ಹಿಂದೆಯೇ ಕನ್ನಡಕ್ಕೆ ತಂದಳು.

"ಅದು ಇವರ ಮನೆ ಮಾತಂತೆ. ವಟ್ಟೆ ತುಂಬ್ದಾಗ ಮಕ್ಳು ಮೊಮ್ಮಕ್ಳು ಎಲ್ಲಾ ಅಂಗೇ ಅಂತಾರಂತೆ. ಇವ್ರು ಸಣ್ಣೋರಿದ್ದಾಗ ಮನೇಲಿ ಒಬ್ರು ಸಿಪಾಯಿ ಇದ್ರಂತೆ, ತೊಡೆಗೆ ಗುಂಡು ಬಿದ್ದಿತ್ತಂತೆ. ಇವ್ರಮ್ಮ ಗಂಜಿ ಕುಡ್ಸೋರಂತೆ. ಸಾಕಾದಾಗ ಕೈ ಅಡ್ಡ ಇಟ್ಟು ಇಂಗೇ ಅಂತಿದ್ರಂತೆ."

"ಸಾಕ್ರೀ ಯವ್ವಾ," ಅಂದಳು ಮಹಾಂತಮ್ಮ. ಲೋಟ ಕೆಳಗಿಟ್ಟು ಮತ್ತೊಮ್ಮೆ ಅಂದಳು: "ಸಾಕ್ರೀ ಯವ್ವಾ."

ಮೊಕ್ಬುಲ್ ಗಾಬರಿಯಿಂದ ಎದ್ದು ನಿಂತರು. ಅವರು ಬಾಲ್ಯದಲ್ಲಿ ಕೇಳಿದ್ದ ಸ್ವರ ಅದೇ ಇದ್ದಿರಬೇಕು. ಸಾಲೇಹಾ ಗಂಡನ ಅಂಗಿಯ ತುದಿ ಹಿಡಿದು ಕೂರಿಸಿದಳು.

ಅಂಜಿನಮ್ಮ ಉಪ್ಪಿಟ್ಟಿನ ಪಾತ್ರೆಯನ್ನು ಕೆಳಗಿಟ್ಟು ಮಹಾಂತಮ್ಮನ ಪಕ್ಕ ಕೂತಳು. ಕಾಡುಗೋಡಿಯವರ ಬಾಯಲ್ಲಿ 'ಯವ್ವಾ' ಬರುವುದಿಲ್ಲ. ಮಂಚದ ಮೇಲೆ ಮಲಗಿ ಗಂಜಿ ಕುಡಿದವನು ಮಹಾಂತಮ್ಮನ ಗಂಡ ಇರಣ್ಣನೇ, ತನ್ನವರಲ್ಲ. ಆದರೂ ಅಕ್ಕನ ಬೆನ್ನು ಸವರುತ್ತ ಕೂತಳು.

"ಎಷ್ಟು ದಿನಾ ಇದ್ರು?" ಮಹಾಂತಮ್ಮ ಕೇಳಿದಳು.

"ಒಂದು ವಾರ ಇರ್ಬೋದಂತೆ. ಜ್ವರ ಏರಿ ಓಗ್ಬಿಟ್ರಂತೆ. ಕೊಳ್ಳಾಗೆ ಬೆಳ್ಳಿದೊಂದು ಪುಟಾಣಿ ಡಬ್ಬಿ ಇತ್ತಂತೆ, ಅವ್ರ ದೇವ್ರಿರ್ಬೇಕು ಅಂತ ಅದನ್ನ ಮುಟ್ನಿಲ್ವಂತೆ. ಓಗೋಕ್ ಮುಂಚೆ ಚಕ್ಳಮಕ್ಳ ಆಕ್ಕೊಂಡು ಕೂತು, ಕಣ್ ಮುಚ್ಚಿ ತೋರ್ಸಿ, ನೆಲ ತಟ್ಟಿ ತೋರ್ಸಿದ್ರಂತೆ. ಇವ್ರಪ್ಪಂಗೆ ಅರ್ತ ಆಯ್ತಂತೆ. ಅಂಗೇ ಕೂರ್ಸಿ ಮಣ್ ಮಾಡಿದ್ರಂತೆ, ಇವರದೇ ಒಲದಲ್ಲಿ. ಇವತ್ತಿಗೂ ಅಲ್ಲಿ ನೇಗ್ಲು ಊಡಲ್ವಂತೆ."

ಮಹಾಂತಮ್ಮ ಕಣ್ಣೊರೆಸಿಕೊಳ್ಳಲಿಲ್ಲ. ನೀರು ತಾನಾಗಿ ಇಳಿಯುತ್ತಿತ್ತು. "ಹಸದು ಹೋದ್ರೇನೋ ಅಂತ ಅಂಜಿದ್ದೆ ತಂಗಿ," ಅಂದಳು. "ಇಷ್ಟ ವರ್ಷ ಅದ ಒಂದ ಅಂಜಿಕಿ ಇತ್ತು ನನಗ. ಹೊಟ್ಟಿ ತುಂಬದ ಅವ್ರು ಸಾಕು ಅಂದವರಽ ಅಲ್ಲ."

ಎದುರಿನ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಹಿಂದೆ ಹಿಂದೆ ಸರಿಯುತ್ತ ಪೀಪೀ ಎನ್ನುತ್ತಿತ್ತು. ಅದು ನಿಲ್ಲುವತನಕ ಅಂಜಿನಮ್ಮ ಕಾದಳು. ಕೇಳಬೇಕಾದ್ದನ್ನು ಕೇಳಲು ಅವಳಿಗೆ ಭಯವಾಗುತ್ತಿತ್ತು. ಗಂಡ ಎಲ್ಲೋ ಯಾವುದೋ ಜೈಲಿನಲ್ಲಿ ಮುದುಕರಾಗಿ ಕೂತಿದ್ದಾರೆಂದು ತಾನು ಕಟ್ಟಿಕೊಂಡದ್ದೆಲ್ಲ ಒಂದು ಮಾತಿಗೆ ಮುಗಿದುಹೋಗುತ್ತಿತ್ತು.

"ಇನ್ಯಾರೂ ಇರ್ನಿಲ್ವಾ ಕೇಳಮ್ಮಿ," ಅಂದಳು ಕಡೆಗೆ.

ಮೊಕ್ಬುಲ್ ತಲೆಯಾಡಿಸಿದರು. ಇದ್ದರು, ಇನ್ನೊಬ್ಬರಿದ್ದರು. ಗಾಯಗೊಂಡ ಸಿಪಾಯಿಯೇ ಅವರನ್ನು ನೀರಿನಲ್ಲಿ ಎಳೆದುಕೊಂಡು ದಡಕ್ಕೆ ತಂದದ್ದು. ಆಗಲೇ ಜೀವ ಹೋಗಿತ್ತು. ಎಷ್ಟು ಹೇಳಿದರೂ ಸಿಪಾಯಿ ಅವರ ಕೈ ಬಿಡಲೊಲ್ಲ. "ಕೃಷ್ಣಾ, ಕೃಷ್ಣಾ" ಎಂದು ಒಂದೇ ಸಮನೆ ದೇವರನ್ನು ಕರೆಯುತ್ತಿದ್ದ. ಅದನ್ನು ಕೇಳಿಯೇ ಮೊಕ್ಬುಲರ ಅಪ್ಪ, ಇವರು ಹಿಂದೂಗಳು ಎಂದುಕೊಂಡು, ಊರಲ್ಲಿ ಅಡಗಿ ಉಳಿದಿದ್ದ ಒಬ್ಬ ಹಿಂದೂ ಮುದುಕನನ್ನು ಕರೆತಂದರು. ಹೊಗೆ ಕಂಡರೆ ಎಲ್ಲರ ಪ್ರಾಣಕ್ಕೂ ಕುತ್ತು. ಮಂಜು ದಟ್ಟವಾಗಿದ್ದ ಮುಂಜಾವಿನಲ್ಲಿ ನದಿಯ ದಂಡೆಯಲ್ಲಿ ಬೆಂಕಿ ಕೊಟ್ಟರು. ಮುದುಕನಿಗೆ ನೆನಪಿದ್ದಷ್ಟು ಮಂತ್ರ ಹೇಳಿದ.

ಶಾಂತಿ ಹೇಳಿ ಮುಗಿಸುವ ಮೊದಲೇ ಅಂಜಿನಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಎಲ್ಲರೂ ಅಂದುಕೊಂಡರು. ಸೆರಗು ತೆಗೆದರೆ ನಗು. ಕೆನ್ನೆ ತೊಯ್ದಿತ್ತು, ನಗುವೂ ಬರುತ್ತಿತ್ತು.

"ಅಯ್ಯೋ, ಅವ್ರು ದೇವ್ರನ್ನ ಕೂಗಿದ್ದಲ್ಲ ಕಣಪ್ಪಾ," ಅಂದಳು. "ನಮ್ಮನೆಯೋರ್ನ ಕೂಗಿದ್ದು!"

ಶಾಂತಿ ಅನುವಾದಿಸಿದಳು. ಮೊಕ್ಬುಲ್‌ಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹಾಗಾದರೆ ಅವರ ಹೆಸರೇನು, ಊರಿನವರಿಗೆ ಸರಿಯಾಗಿ ಹೇಳಬೇಕು ಅಂದರು.

ಮಹಾಂತಮ್ಮ ತಾನೇ ಹೇಳಲು ಬಾಯಿ ತೆರೆದಳು. ಗಂಡನ ಹೆಸರನ್ನು ಅಂಜಿನಮ್ಮ ಬಾಯಿಬಿಟ್ಟು ಹೇಳಿದವಳಲ್ಲ. ದಿಲ್ಲಿಯಲ್ಲಿ ಮಾವ ಹೇಳಿದ್ದರು, ಆಮೇಲಿನ ಕಚೇರಿಗಳಲ್ಲಿ ಲೋಕೇಶ ಹೇಳಿದ್ದ. ಆದರೆ ಈಗ ಅವಳು ಮಹಾಂತಮ್ಮನ ಮೊಣಕೈ ಹಿಡಿದು ತಡೆದಳು.

"ಕೃಷ್ಣಪ್ಪ," ಅಂದಳು.

ಅಂದವಳ ಮುಖ ಹೊಸ ಮದುಮಗಳಂತೆ ಕೆಂಪಗಾಯಿತು. ಭಾಷೆ ತಿಳಿಯದಿದ್ದರೂ ಸಾಲೇಹಾಗೆ ಏನೋ ಹೊಳೆದು ತಲೆಯ ಮೇಲಿನ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ತಮ್ಮಲ್ಲೂ ಹೀಗೆಯೇ, ತಾನು ಗಂಡನನ್ನು ಮಕ್ಕಳ ಹೆಸರಿಟ್ಟೇ ಕರೆಯುವುದು ಎಂದು ಶಾಂತಿಯ ಕಿವಿಯಲ್ಲಿ ಹೇಳಿದಳು. ಮೊಕ್ಬುಲ್ ಆ ಹೆಸರನ್ನು ಎರಡು ಮೂರು ಸಲ ಹೇಳಿ ಸರಿಮಾಡಿಕೊಂಡರು.

ಬಿಸಿಲು ಜಗಲಿಗೆ ಬಂತು. ಮಹಾಂತಮ್ಮ ಎದ್ದು ಸಾಲೇಹಾಳನ್ನು ನೆರಳಿಗೆ ಕರೆದುಕೊಂಡು ಹೋಗಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಮರುದಿನ ಆಸ್ಪತ್ರೆಗೆ ಸೇರಬೇಕಿತ್ತು. ತಾವಿಬ್ಬರೂ ಜೊತೆಗೆ ಬರುತ್ತೇವೆ, ಹೆದರಬಾರದು ಎಂದು ಅಂಜಿನಮ್ಮ ಶಾಂತಿಯ ಕೈಲಿ ಹೇಳಿಸಿದಳು.

ಸಾಲೇಹಾ ಅದಕ್ಕೆ ತಲೆಯಾಡಿಸಿ, ಇನ್ನೇನೋ ಕೇಳಿದಳು.

"ಎಂಗಿದ್ರು ಅವ್ರಿಬ್ರೂ ಅಂತ ಕೇಳ್ತಾವ್ರೆ," ಅಂದಳು ಶಾಂತಿ. "ಯಾವ್ ತರದ ಮನುಸ್ರು ಅಂತ."

ಇಷ್ಟು ವರ್ಷಗಳಲ್ಲಿ ಎಲ್ಲರೂ ದಳ ಯಾವುದು, ಹುದ್ದೆ ಯಾವುದು, ಹೊರಟದ್ದು ಯಾವಾಗ ಅಂತಲೇ ಕೇಳಿದ್ದರು.

"ಊಟಕ್ ಕೂತ್ರೆ ಪದ ಏಳೋರು ಕಣಮ್ಮಾ," ಎಂದು ಅಂಜಿನಮ್ಮ ಶುರುಮಾಡಿದಳು. "ನಮ್ಮವ್ರಿಗೆ ಸಿಟ್ಟು ಬಾಳ," ಎಂದು ಮಹಾಂತಮ್ಮ ಅದೇ ಉಸಿರಿಗೆ ಶುರುಮಾಡಿದಳು, "ಆದ್ರ ಎತ್ತಿಗೆ ಎಂದೂ ಹೊಡೀತಿರ್ಲಿಲ್ಲ." ಸೈಕಲ್ಲಿನಿಂದ ಕೆರೆಗೆ ಬಿದ್ದದ್ದು ಬಂತು, ಮದುವೆಯಲ್ಲಿ ಬಾಸಿಂಗ ಜಾರಿದ್ದು ಬಂತು. ಒಬ್ಬಳ ಮಾತಿನ ಮೇಲೆ ಇನ್ನೊಬ್ಬಳ ಮಾತು ಬೀಳುತ್ತಿತ್ತು. ಯಾರದ್ದನ್ನು ಮೊದಲು ಹೇಳುವುದೆಂದು ತಿಳಿಯದೆ ಶಾಂತಿ ಅತ್ತ ಇತ್ತ ನೋಡಿ, ನಕ್ಕು, ಖಾಲಿ ಲೋಟಗಳನ್ನು ಜೋಡಿಸಿಕೊಂಡು ಒಳಗೆ ಹೋದಳು. ಮೊಕ್ಬುಲ್, ಸಾಲೇಹಾ ಇಬ್ಬರೂ ಮುಂದಕ್ಕೆ ಬಾಗಿ ತಲೆದೂಗುತ್ತ ಕೇಳುತ್ತಲೇ ಇದ್ದರು.